ಕುಂದುರ್ಪಿಗೆ ಹೋದ ಎರವಲು ಪುಸ್ತಕ

ನಾನು ತಾಳ್ಮೆಯ ಮನುಷ್ಯನೆಂದು ಬಹಳ ದಿನ ನಂಬಿದ್ದೆ. ಬೇರೆ ಊರಿನ ಗ್ರಂಥಾಲಯದಿಂದ ಒಂದೇ ಒಂದು ಪುಸ್ತಕ ಎರವಲು ತರಿಸಲು ಹೊರಟ ಮೇಲೆ ಆ ನಂಬಿಕೆ ಹೋಯಿತು. ಆಗ ನಾನು ಹಿಂದೂಪುರದ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ಹಳೆಯ ಪಶುವೈದ್ಯ ಗ್ರಂಥಗಳ ಮೇಲೆ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೆ. ಕುರಿಯನ್ನು ಮುಟ್ಟಿಯೂ ನೋಡಿದವನಲ್ಲ ಎಂಬುದು ಬೇರೆ ಮಾತು. ನನಗೆ ಬೇಕಾಗಿದ್ದ, ಹಳೆಯ ಓಲೆಗರಿಯಿಂದ ಅಚ್ಚುಮಾಡಿದ ಕುರಿವೈದ್ಯದ ಗ್ರಂಥ ದೂರದ ವಿಶ್ವವಿದ್ಯಾಲಯವೊಂದರಲ್ಲಿ ಮಾತ್ರ ಇತ್ತು.

ನಮ್ಮ ಗ್ರಂಥಪಾಲಕರಾದ ವೆಂಕಟಸುಬ್ಬಯ್ಯನವರು ಅರ್ಜಿಯನ್ನು ಮೂರು ಪ್ರತಿ ಬರೆಸಿ ಕಳಿಸಿದರು. ಅಚ್ಚಾದ ವರ್ಷ ನಮೂದಿಸಿಲ್ಲವೆಂದು ಅದು ಹಿಂದಕ್ಕೆ ಬಂತು. ವರ್ಷ ಪುಸ್ತಕದೊಳಗಿದೆ, ಪುಸ್ತಕ ನಿಮ್ಮ ಬಳಿ ಇದೆ ಎಂದು ಬರೆದೆ. ಉತ್ತರವಾಗಿ ಇನ್ನೊಂದು ಖಾಲಿ ಅರ್ಜಿ ಬಂತು. ಅಂದಾಜಿನ ಮೇಲೆ ಒಂದು ವರ್ಷ ತುಂಬಿದ್ದಕ್ಕೆ ಕೋಳಿ ಸಾಕಣೆಯ ಪುಸ್ತಕ ಬಂತು. ಅದನ್ನು ಹಿಂತಿರುಗಿಸಿ, ಮತ್ತಷ್ಟು ಪತ್ರ ಬರೆದು, ಕೊನೆಗೆ ಸರಿಯಾದ ಪುಸ್ತಕವೇ ಬಂದಾಗ ಅದರ ಮೇಲೊಂದು ಚೀಟಿ: ಹತ್ತು ದಿನ ಮಾತ್ರ, ಗ್ರಂಥಾಲಯದಲ್ಲೇ ಕುಳಿತು ಓದತಕ್ಕದ್ದು. ನನ್ನ ಪಾಠ ಮುಗಿಯುವ ಹೊತ್ತಿಗೆ ಗ್ರಂಥಾಲಯಕ್ಕೆ ಬೀಗ. ವಾರ ಹೀಗೇ ಕಳೆಯಿತು. ನಾನು ಗೋಗರೆದದ್ದು ನೋಡಲಾರದೆ ವೆಂಕಟಸುಬ್ಬಯ್ಯನವರು ತಾವೇ ಜವಾಬ್ದಾರರೆಂದು ಸಹಿ ಮಾಡಿ ಶನಿವಾರ ಪುಸ್ತಕ ಕೊಟ್ಟರು. “ಸೋಮವಾರಂ ತೇಕಪೋತೆ ನಾ ಉದ್ಯೋಗಂ ಪೋತುಂದಿ ಸಾರ್” ಎಂದರು. ತರದಿದ್ದರೆ ಅವರ ಕೆಲಸವೇ ಹೋಗುತ್ತಿತ್ತು.

ಅಂದು ಹೆಂಡತಿಯನ್ನು ಕರೆತರಲು ಕಲ್ಯಾಣದುರ್ಗಕ್ಕೆ ಹೊರಟಿದ್ದೆ. ದಾರಿಯುದ್ದಕ್ಕೂ ಓದಬೇಕೆಂದು ಬಸ್ಸಿನಲ್ಲಿ ಪುಸ್ತಕ ತೆರೆದವನು ಮೊದಲ ಪುಟಕ್ಕೇ ನಿದ್ದೆಹೋದೆ. ಕಲ್ಯಾಣದುರ್ಗದಲ್ಲಿ ಗಡಿಬಿಡಿಯಿಂದ ಇಳಿದು, ಮಾವನ ಮನೆಯಲ್ಲಿ ಕಾಫಿ ಕುಡಿಯುವಾಗ ಕೈ ಖಾಲಿಯೆಂದು ತಿಳಿಯಿತು. ಬಸ್ಸು ಕುಂದುರ್ಪಿಗೆ ಹೋಗಿಯಾಗಿತ್ತು. ಮರುದಿನದವರೆಗೆ ಅತ್ತ ಬೇರೆ ಬಸ್ಸಿರಲಿಲ್ಲ. ವೆಂಕಟಸುಬ್ಬಯ್ಯನವರ ಸಹಿಯೇ ಕಣ್ಣಮುಂದೆ.

ಭಾನುವಾರ ಬೆಳಿಗ್ಗೆ ಕುಂದುರ್ಪಿಯಲ್ಲಿ ಕಂಡಕ್ಟರನನ್ನು ಹುಡುಕಿದೆ. ಪುಸ್ತಕದಲ್ಲಿ ಕುರಿಯ ಚಿತ್ರ ಕಂಡು, ಊರಿನ ಕುರಿಗಳಿಗೆಲ್ಲ ಮದ್ದು ಕೊಡುವ ಅಂಗಡಿ ಸಂಗಮ್ಮನಿಗೆ ಕೊಟ್ಟೆನೆಂದ. ಹೋಗಿ ನೋಡಿದರೆ ಆಕೆ ಕನ್ನಡಕ ಏರಿಸಿ ಜಗಲಿಯ ಮೇಲೆ ಕುಳಿತು, ನಾಲ್ಕು ಮಂದಿ ಕುರುಬರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಇದು ವಿಶ್ವವಿದ್ಯಾಲಯದ ಸ್ವತ್ತು, ನಾಳೆಯೊಳಗೆ ಹಿಂತಿರುಗಿಸಬೇಕು ಎಂದೆ.

“ಇನ್ನ ಹತ್ತು ಹಾಳೆ ಐತೆ ಕಣಪ್ಪ, ಕುಂತ್ಕೊ. ಮುಗಿಸಿ ಕೊಡ್ತೀನಿ,” ಎಂದಳು.

ಅರ್ಜಿ ಬರೆಸಲಿಲ್ಲ, ಅಷ್ಟೇ. ಹಲ್ಲು ಕಚ್ಚಿಕೊಂಡು ಮಧ್ಯಾಹ್ನದವರೆಗೆ ಕುರುಬರ ಪಕ್ಕದಲ್ಲಿ ಕುಳಿತೆ. ಕೊನೆಗೆ ಪುಸ್ತಕ ಕೊಡುತ್ತ ಒಂದು ಪುಟ ತೆರೆದು ತೋರಿಸಿದಳು.

“ಹೊಟ್ಟೆ ಉಬ್ಬರಕ್ಕೆ ಬೆಣ್ಣೆ ಕುಡಿಸು ಅಂತ ಬರ್ದವ್ರೆ ನೋಡು. ಬೆಣ್ಣೆ ಅಲ್ಲ ಕಣಪ್ಪ, ಅದು ಎಣ್ಣೆ. ಬರ್ಕೊಂಡೋನು ಕುರಿ ಕಂಡಿಲ್ಲ.”

ಕುರುಬರು ನನ್ನತ್ತ ನೋಡಿ ಹೌದೆಂದು ತಲೆಯಾಡಿಸಿದರು. ಬರೆದುಕೊಂಡವನು ನಾನೇ ಎಂಬಂತಿತ್ತು ಆ ನೋಟ.

ಸೋಮವಾರ ಪುಸ್ತಕ ಒಪ್ಪಿಸಿದೆ. ವೆಂಕಟಸುಬ್ಬಯ್ಯನವರು ಒಂದೊಂದೇ ಹಾಳೆ ತಿರುವಿದರು, ಎರಡು ಸಲ ಮೂಸಿದರು, ಕಟ್ಟು ಕಟ್ಟಿದರು.

ಆ ಗ್ರಂಥದ ಬಗ್ಗೆ ನನ್ನ ಪ್ರಬಂಧದಲ್ಲಿ ಇರುವುದು ಒಂದೇ ಮಾತು: ‘ಬೆಣ್ಣೆ’ ಎಂಬುದು ಓಲೆ ನಕಲು ಮಾಡಿದ ಲಿಪಿಕಾರನ ದೋಷ, ‘ಎಣ್ಣೆ’ ಎಂದಿರಬೇಕು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಅದನ್ನೇ ಎತ್ತಿ ಹೊಗಳಿದರು. ಒಂದಕ್ಷರದ ಇಂಥ ಸೂಕ್ಷ್ಮ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಸಂಗಮ್ಮನ ಹೆಸರು ನಾಲಿಗೆಯ ತುದಿಯವರೆಗೂ ಬಂದಿತ್ತು.

“ದೀರ್ಘ ಅಧ್ಯಯನದಿಂದ,” ಎಂದೆ.