ಕೌದಿಗೆ ಎಷ್ಟು ಬೆಳಕು?

ನಮ್ಮ ಕಾಕಾ ಈವರೆಗೆ ಯಾರ ಮುಖವನ್ನೂ ಮೊದಲು ನೋಡಿದವರಲ್ಲ! ಯಾರಾದರೂ ಎದುರಿಗೆ ಬಂದರೆ ಅವರು ತಲೆಯೆತ್ತಿ ಸೂರು ನೋಡುತ್ತಾರೆ. ಅಲ್ಲಿ ಯಾವ ಬಲ್ಬು ಇದೆ, ಅದು ಈ ಮನುಷ್ಯನ ಮೇಲೆ ಎಂಥ ಬಣ್ಣ ಸುರಿಯುತ್ತಿದೆ ಎಂಬುದು ಖಾತ್ರಿಯಾದ ಮೇಲೆಯೇ "ಆರಾಮ ಇದ್ದೀರೇನ್ರಿ?" ಎನ್ನುತ್ತಾರೆ. ಅಷ್ಟರಲ್ಲಿ ಬಂದವರೂ ಸೂರು ನೋಡತೊಡಗಿರುತ್ತಾರೆ, ಹಲ್ಲಿ ಬೀಳುತ್ತಿದೆಯೋ ಏನೋ ಎಂದು!

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕಾಕಾ ಎಲೆಕ್ಟ್ರಿಷಿಯನ್ ಆಗಿದ್ದರು. ಹಾಳೆಯ ಬಿಳುಪನ್ನು ಪರೀಕ್ಷಿಸುವ ಕೋಣೆಯ ದೀಪಗಳು ಅವರ ಸುಪರ್ದಿಯಲ್ಲಿದ್ದವು. ಬೆಳಕು ಚೂರು ಹದಗೆಟ್ಟರೂ ಅಲ್ಲಿ ಬಿಳಿ ಹಾಳೆ ಹಳದಿಯಾಗಿ, ಹಳದಿ ಹಾಳೆ ಬಿಳಿಯಾಗಿ ಕಾಣುತ್ತಿತ್ತಂತೆ. ಅವರಿಗೆ ಲೋಕದ ಮೇಲಿರುವ ಅನುಮಾನವೆಲ್ಲ ಆ ಕೋಣೆಯಲ್ಲೇ ಹುಟ್ಟಿತು ಎಂದು ಬರೆದರೆ ಅಚ್ಚುಕಟ್ಟಾಗುತ್ತದೆ. ಆದರೆ ಅಚ್ಚುಕಟ್ಟಾದ ನೆನಪನ್ನು ನಾನು ನಂಬುವುದಿಲ್ಲ. ಮನುಷ್ಯ ಮೊದಲಿನಿಂದಲೂ ಹಾಗೇ ಇದ್ದಿರಬೇಕು.

ಹಳಿಯಾಳದಲ್ಲಿ ನಮ್ಮ ಸಂಬಂಧಿಕರ ಮದುವೆ. ಅಕ್ಷತೆ ಹಾಕಲು ವೇದಿಕೆ ಹತ್ತಿದ ಕಾಕಾ ವಧುವಿನ ತಂದೆಯ ಕಿವಿಯಲ್ಲಿ, "ಹುಡುಗೀಗೆ ಮೈಯಾಗ ಆರಾಮಿಲ್ಲೇನ್ರಿ?" ಎಂದುಬಿಟ್ಟರು. ಆ ತಂದೆಯ ಮುಖ ಸಣ್ಣದಾಯಿತು. "ಹುಡುಗೀದು ತಪ್ಪಿಲ್ಲ ಬಿಡ್ರಿ. ಇದು ಕೆಂಪು ಬಣ್ಣ ಸತ್ತ ಬಲ್ಬು" ಎನ್ನುತ್ತ ಕಾಕಾ ತಾವೇ ಹೋಗಿ ದೊಡ್ಡ ಎಲ್‌ಇಡಿ ದೀಪವನ್ನು ಆರಿಸಿದರು. ಈ ಪ್ರಸಂಗವನ್ನು ನಾನು ಮೂರು ಸಲ ಹೇಳಿದ್ದೇನೆ, ಮೂರು ಥರ ಹೇಳಿದ್ದೇನೆ. ಒಂದರಲ್ಲಿ ವಧುವಿನ ತಂದೆ ನಕ್ಕರು, ಇನ್ನೊಂದರಲ್ಲಿ ಜಗಳ ತೆಗೆದರು, ಮೂರನೆಯದರಲ್ಲಿ ಅವರು ಅಲ್ಲಿ ಇರಲೇ ಇಲ್ಲ. ಖಚಿತವಾಗಿ ಆದದ್ದು ಇಷ್ಟೇ: ಒಂದು ದೀಪ ಆರಿತು, ವಧು ಗುಣಮುಖಳಾದಳು!

ಇಂಥವರ ಕೈಗೆ ಒಂದು ವಸ್ತುಸಂಗ್ರಹಾಲಯ ಸಿಕ್ಕರೆ?

ಸಿಕ್ಕಿತು. ಹಳಿಯಾಳದ ಅಡತಿ ಅಂಗಡಿಯ ಸಾಹುಕಾರರೊಬ್ಬರು ತಮ್ಮ ಹಳೆಯ ಗೋದಾಮಿನ ಎರಡು ಕೋಣೆಗಳನ್ನು ಊರಿಗೆ ಬಿಟ್ಟುಕೊಟ್ಟು, ಒಂದು ಸಮಿತಿ ಮಾಡಿ, ತಾವೇ ಅಧ್ಯಕ್ಷರಾಗಿ, ದೀಪದ ಕೆಲಸವನ್ನು ಕಾಕಾರಿಗೆ ವಹಿಸಿದ್ದರು. ಇಲ್ಲೇ ಹತ್ತಿರದ ಇಂದೂರು ಎಂಬ ಹಳ್ಳಿಯ ರೈತರೊಬ್ಬರು ಕೊಟ್ಟ ಬಿತ್ತುವ ಕೂರಿಗೆ ಬಂತು, ಜೋಯಿಡಾ ಕಡೆಯ ಬಿದಿರಿನ ಬುಟ್ಟಿಗಳು ಬಂದವು. ಒಂದು ಗೋಡೆಗೆ ನಮ್ಮ ಚಿಗವ್ವ, ಅಂದರೆ ಕಾಕಾರ ಹೆಂಡತಿ, ಹೊಲಿದ ಕೌದಿ ಬೇಕು ಎಂದರು. ಚಿಗವ್ವನಿಗೆ ನಗು ತಡೆಯಲಾಗಲಿಲ್ಲ.

"ಹೊಚ್ಚಿಕೊಳ್ಳಾಕ ಹೊಲದದ್ದನ್ನ ಗ್ವಾಡಿಗೆ ಬಡೀತಾರಂತ! ನಾಳೆ ನನ್ನ ರೊಟ್ಟೀನೂ ಬಡೀರಿ."

"ರೊಟ್ಟಿಗೂ ಛಲೋ ಲೈಟ್ ಐತಿ, ಹಚ್ಚೂಣು" ಎಂದರು ಕಾಕಾ, ಒಂಚೂರೂ ನಗದೆ.

ಆ ಕೌದಿಯಲ್ಲಿ ಚಿಗವ್ವನ ತಾಯಿಯ ಇಳಕಲ್ ಸೀರೆಯ ಕೆಂಪು ಸೆರಗಿದೆ, ಕಾಕಾರ ಖಾಕಿ ಅಂಗಿಯಿದೆ. ನಡುವಿನ ನೀಲಿ ತುಂಡು ನನ್ನ ಶಾಲೆಯ ಅಂಗಿ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ. ಚಿಗವ್ವ ಅದು ಕಾರ್ಖಾನೆಯ ಕ್ವಾರ್ಟರ್ಸಿನ ಕಿಟಕಿಯ ಪರದೆ ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬರ ನೆನಪು ಸುಳ್ಳು.

ಎಲ್‌ಇಡಿ ಕೊಳ್ಳಲು ಕಾಕಾರೂ ನಾನೂ ಹುಬ್ಬಳ್ಳಿಗೆ ಹೊರಟೆವು. ಬಸ್ಸಿನಲ್ಲಿ ಕಾಕಾ ಎಂದೂ ಇಲ್ಲದಷ್ಟು ಮೆತ್ತಗೆ ಹೇಳಿದರು: "ಇಕಿ ಸೂಜಿ ಬಿಟ್ಟು ಎರಡ ವರ್ಷಾತು. ಕೇಳಿದ್ರ, ಸಾಕಾತು ಅಂತಾಳ. ಇದ ಕಡೇ ಕೌದಿ. ಇದರ ಬಣ್ಣ ಹೋತಂದ್ರ ಮತ್ತ ಯಾರ ಹೊಲೀಬೇಕು?"

ಅಂಗಡಿಯಲ್ಲಿ ಅವರು ಕೈಚೀಲದಿಂದ ತೆಗೆದದ್ದು ಒಂದು ಟೊಮೆಟೊ, ಒಂದು ಹಸಿಮೆಣಸಿನಕಾಯಿ, ಅರಿಸಿನದ ಕೊಂಬು ಮತ್ತು ಇಳಕಲ್ ಕುಬಸದ ಒಂದು ಚೂರು. ಒಂದೊಂದೇ ಬಲ್ಬು ಹಚ್ಚಿಸಿ ನಾಲ್ಕನ್ನೂ ಕೆಳಗೆ ಹಿಡಿದರು.

ಅಂಗಡಿಯವ ತಾಳಿಕೊಂಡಷ್ಟು ತಾಳಿಕೊಂಡು ಕೇಳಿದ: "ಅಜ್ಜಾರ, ಲೈಟ್ ತಗೊಳ್ಳಾಕ ಬಂದೀರೋ, ಸಾರ ಮಾಡಾಕ ಬಂದೀರೋ?"

"ಈ ಬಲ್ಬಿನ್ಯಾಗ ಸಾರ ಮಾಡಿದ್ರ ಯಾರೂ ಉಣ್ಣಂಗಿಲ್ಲ. ಟೊಮೆಟೊ ನೋಡು, ನಿನ್ನೆ ತೀರಿಕೊಂಡಂಗೈತಿ!"

ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ ಡಬ್ಬಿಯ ಮೇಲೆ ಇರುತ್ತದೆ. ಕಾಕಾ ಅದನ್ನು ಓದುತ್ತಾರೆ, ಆದರೆ ನಂಬುವುದಿಲ್ಲ. ಒಳ್ಳೆಯ ಅಂಕ ಪಡೆದವುಗಳಲ್ಲೂ ಕೆಂಪಿನ ವಿಷಯದಲ್ಲಿ ಫೇಲಾದವು ಇರುತ್ತವಂತೆ. ಜೇಬಿನಿಂದ ಚಮಚವೊಂದನ್ನು ತೆಗೆದು ಬಲ್ಬಿನಡಿ ಬೀಸಿ, ಅದು ಒಂದರ ಪಕ್ಕ ಒಂದು ನಿಂತ ಹತ್ತು ಚಮಚಗಳಂತೆ ಕಂಡರೆ ಬೆಳಕು ಮಿಡುಕುತ್ತಿದೆ ಎಂದು ಆ ಬಲ್ಬನ್ನೂ ಕೈಬಿಟ್ಟರು. ಕೊನೆಗೆ ಮೂರು ಬಲ್ಬು ಪಾಸಾದವು, ತುಸು ಹಳದಿಗೆ ವಾಲಿದ ಮೆದು ಬೆಳಕಿನವು. ಬೆಳಕನ್ನು ಏರಿಸಿ ಇಳಿಸುವ ತಿರುಗುಗುಂಡಿಯೂ ಬಂತು. ಟೊಮೆಟೊವನ್ನು ಅಂಗಡಿಯವನಿಗೇ ಕೊಟ್ಟು ಬಂದರು.

ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ತಕರಾರು ತೆಗೆದರು. "ಅಲ್ರಿ, ಫಳಫಳ ಇರಬೇಕು. ಎಲ್‌ಇಡಿಯಾಗ ಬಿಸಿ ಇಲ್ಲ, ಸೂರ್ಯನ ಸುಡೂ ಕಿರಣ ಇಲ್ಲ. ಬಟ್ಟಿ ಮಾಸೂದಿಲ್ಲ ಅಂತ ನನ್ನ ಅಳಿಯ ಹೇಳ್ಯಾನ."

"ಬಿಸಿ ಕಡಿಮಿ ಖರೇ, ಸುಡೂದೂ ಕಡಿಮಿ. ಆದ್ರ ಬೆಳಕು ಬೆಳಕ ಅಲ್ರಿ? ನಮ್ಮ ಕಣ್ಣು ಕುಡದಂಗ ಬಟ್ಟೀನೂ ಕುಡೀತೈತಿ. ಕುಡದಷ್ಟು ಬಣ್ಣ ಬಿಡತೈತಿ" ಎಂದ ಕಾಕಾ ಮಡಚಿದ ವೃತ್ತಪತ್ರಿಕೆಯೊಂದನ್ನು ಬಿಡಿಸಿದರು. ಅರ್ಧಕ್ಕೆ ಹಲಗೆ ಮುಚ್ಚಿ ಎಂಟು ದಿನ ಮಾಳಿಗೆಯ ಮೇಲೆ ಇಟ್ಟದ್ದು. ಮುಚ್ಚಿದ ಅರ್ಧ ಬಿಳಿ, ಬಿಸಿಲು ಕಂಡ ಅರ್ಧ ಕಂದು. ಆ ಕಂದು ಅರ್ಧದಲ್ಲಿ ಅಧ್ಯಕ್ಷರದೇ ಫೋಟೊ ಇತ್ತು!

"ಎಂಟ ದಿನಕ್ಕ ನೀವು ಹಿಂಗಾದ್ರಿ. ಬಿಸಿಲು ಬ್ಯಾರೆ, ಬಲ್ಬು ಬ್ಯಾರೆ, ಒಪ್ಪತೇನಿ. ಬಲ್ಬು ನಿಧಾನ ತಿಂತೈತಿ, ಅಷ್ಟ."

ಸಭೆ ಮುಗಿಯಿತು. ಬಟ್ಟೆಯ ಮೇಲೆ ಬೀಳುವ ಬೆಳಕು ಐವತ್ತು ಲಕ್ಸ್ ಮೀರಬಾರದು, ಅಂದರೆ ಮಂದವಾಗಿಯೇ ಇರಬೇಕು ಎಂದು ತೀರ್ಮಾನವಾಯಿತು. ಕಿಟಕಿಗಳಿಗೆ ದಪ್ಪ ಪರದೆ ಬಿತ್ತು. ಕಾರ್ಖಾನೆಯ ಗೆಳೆಯರಿಂದ ಬೆಳಕು ಅಳೆಯುವ ಮೀಟರು ತಂದು ಕಾಕಾ ಇಡೀ ಒಂದು ವಾರ ದುಡಿದರು. ನೋಡುವವರ ನೆರಳು ಕೌದಿಯ ಮೇಲೆ ಬೀಳದ ಹಾಗೆ ದೀಪ ಓರೆಯಾಗಬೇಕಿತ್ತು. ಆ ನೋಡುವವನಾಗಿ ನನ್ನನ್ನು ತಾಸುಗಟ್ಟಲೆ ನಿಲ್ಲಿಸಿದರು. "ನಾನ ಯಾಕ?" ಎಂದು ಕೇಳಿದೆ. "ನಿನ್ನ ಎತ್ತರ ಸಾದಾ, ಕಣ್ಣ ಸಾದಾ, ಬುದ್ಧೀನೂ ಸಾದಾ. ನಿನಗ ಕಂಡ್ರ ಎಲ್ಲಾರಿಗೂ ಕಾಣತೈತಿ" ಎಂದರು.

ಉದ್ಘಾಟನೆಯ ದಿನ ಬೆಳಿಗ್ಗೆ ಜನ ಬಂದರು, "ಕರೆಂಟ್ ಹೋಗೇತೇನು?" ಎನ್ನುತ್ತಲೇ ಬಂದರು. "ಕಣ್ಣಿಗೆ ಎರಡ ನಿಮಿಷ ಕೊಡ್ರಿ, ತಾನ ಕಾಣತೈತಿ" ಎಂದು ಕಾಕಾ ಬಾಗಿಲಲ್ಲೇ ಒಬ್ಬೊಬ್ಬರಿಗೂ ಪಾಠ ಹೇಳಿದರು. ಮೊಬೈಲಿನ ಟಾರ್ಚು ಹಚ್ಚಿದವರೊಬ್ಬರ ಕೈಹಿಡಿದು ಹೊರಗೆ ಬಿಟ್ಟುಬಂದರು. ಎರಡು ನಿಮಿಷ ನಿಂತವರಿಗೆ ಮಾತ್ರ ನಿಜವಾಗಿಯೂ ಕಂಡಿತು. ಕೆಂಪು ಮೆಲ್ಲಗೆ ಎದ್ದು ಬಂತು, ಹೊಲಿಗೆಯ ಸಾಲುಗಳು ಉತ್ತ ಹೊಲದಂತೆ ಕಾಣತೊಡಗಿದವು. ಅಧ್ಯಕ್ಷರೂ ಎರಡು ನಿಮಿಷ ನಿಂತು ನೋಡಿದರು.

ಆಮೇಲೆ ಚಿಗವ್ವ ಬಂದಳು. ಕೌದಿಯಿಂದ ಒಂದು ಮೊಳ ದೂರದಲ್ಲಿ ನಿಂತಳು. ಎರಡು ನಿಮಿಷ ಕಳೆಯಿತು, ನಾಲ್ಕಾಯಿತು.

"ಎಲ್ಲೈತ್ರಿ ನನ್ನ ಕೌದಿ?"

"ನಿನ್ನ ಎದರಿಗೇ ಐತಲ್ಲ!"

"ಹೌದೇನು? ನಾ ಗ್ವಾಡಿ ಅನ್ಕೊಂಡಿದ್ದೆ."

ಯಾರೋ ನಕ್ಕರು, ಹಾಸ್ಯವೆಂದುಕೊಂಡು. ನಾನೂ ನಕ್ಕಿರಬಹುದು, ನಗಲಿಲ್ಲ ಎಂದು ನೆನಪಿಸಿಕೊಳ್ಳುವುದು ಈಗ ಸುಲಭ.

"ಎರಡ ವರ್ಷಾತ್ರಿ ಹಿಂಗ" ಎಂದಳು ಚಿಗವ್ವ, ಉಪ್ಪು ತೀರಿದ ಸುದ್ದಿ ಹೇಳುವಂತೆ. "ನಟ್ಟನಡುವ ಮಬ್ಬು. ಧಾರವಾಡಕ್ಕ ತಂಗಿ ಮನೀಗೆ ಹೋದಾಗ ಡಾಕ್ಟರಿಗೆ ತೋರಿಸೀನಿ. ಕಣ್ಣಿನ ಹಿಂದಿನ ಪರದೆ ಸವದೈತಂತ, ಆಪರೇಷನ್ನಿಗೆ ಬರೂದಲ್ಲಂತ. ನಿಚ್ಚಳ ಬೆಳಕಿದ್ರ ಅಷ್ಟಿಷ್ಟು ಕಾಣತೈತಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಮನ್ಯಾಗಿನ ಬಲ್ಬ ಎಲ್ಲಾ ಕಿತ್ತು ಹಾಕ್ತಿದ್ರಿ!"

ಈಗ ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಟೊಮೆಟೊಗೆ ತೋರಿಸಿದ್ದರು, ಮೆಣಸಿನಕಾಯಿಗೆ ತೋರಿಸಿದ್ದರು, ನನ್ನಂಥ ಸಾದಾ ಮನುಷ್ಯನಿಗೂ ತೋರಿಸಿದ್ದರು. ಹೊಲಿದವಳಿಗೆ ಒಂದು ಸಲವೂ ತೋರಿಸಿರಲಿಲ್ಲ. ಮನೆಯಲ್ಲಿ ಅವಳು ಡಬ್ಬಿಗಳನ್ನು ಕೈಯಿಂದ ತಡವಿ ಗುರುತಿಸುವುದನ್ನು ನಾವೆಲ್ಲ ಕಂಡಿದ್ದೆವು, ಅದನ್ನು ಅಚ್ಚುಕಟ್ಟು ಎಂದು ಕರೆದಿದ್ದೆವು.

ಕಾಕಾ ಮೂಲೆಗೆ ಹೋಗಿ ಗುಂಡಿಯನ್ನು ಪೂರ್ತಿ ತಿರುಗಿಸಿದರು. ಕೋಣೆ ಬೆಳಗಿತು.

"ಕಾಕಾರ! ಮಾಸತೈತಲ್ರಿ!" ಅಧ್ಯಕ್ಷರು ಕೂಗಿಯೇಬಿಟ್ಟರು.

"ಮಾಸತೈತಿ" ಎಂದರು ಕಾಕಾ. "ಇಕಿಗೆ ಕೊಡೂ ಹೆಚ್ಚಿನ ಬೆಳಕನ್ನ ಎಲ್ಲ್ಯಾರ ಕಡೀಬೇಕಲ್ಲ? ನನ್ನ ಪಾಲಿನಾಗ ಕಡಕೋರಿ. ನಾ ನೋಡೂದಿಲ್ಲ."

ಹಾಗೆಂದವರು ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತರು.

ಈಗ ಪ್ರತಿ ಸೋಮವಾರ, ಸಂಗ್ರಹಾಲಯಕ್ಕೆ ರಜೆಯಿರುವ ದಿನ, ಅವರಿಬ್ಬರೂ ದಾಂಡೇಲಿಯಿಂದ ಬಸ್ಸಿನಲ್ಲಿ ಬರುತ್ತಾರೆ. ಕಾಕಾ ದೀಪವನ್ನು ಪೂರ್ತಿ ಏರಿಸಿ, ಚಿಗವ್ವನನ್ನು ಕೌದಿಯ ಮುಂದೆ ಸ್ಟೂಲಿನ ಮೇಲೆ ಕೂರಿಸಿ ಹೊರಗೆ ಬರುತ್ತಾರೆ. ಹೇಗೂ ಉರಿಯುತ್ತಿರುವ ದೀಪದಲ್ಲಿ ತಾವೂ ನೋಡಿದರೆ ಬಟ್ಟೆಗೆ ಹೆಚ್ಚಿನ ಹಾನಿಯೇನೂ ಆಗದು. ಬದುಕೆಲ್ಲ ಬೆಳಕಿನ ಜೊತೆ ಕಳೆದವರಿಗೆ ಇಷ್ಟು ಗೊತ್ತಿಲ್ಲವೇ? ನಾನು ಹೇಳಲು ಹೋಗಿಲ್ಲ.

ಕಳೆದ ಸೋಮವಾರ ನಾನೂ ಅವರ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗಿನಿಂದ ಚಿಗವ್ವನ ದನಿ ಬಂತು: "ಸಾಕ್ರಿ, ನೋಡಿದೆ. ಆರಸ್ರಿ."

ಕಾಕಾ ಏಳಲಿಲ್ಲ. ಬೀದಿಯ ಕಡೆ ಮುಖ ಮಾಡಿಯೇ ಹೇಳಿದರು:

"ಇನ್ನ ಐದ ನಿಮಿಷ ನೋಡು."