ಹಳಿಯಾಳಕ್ಕೂ ಮುಂಚೆ

ದುಬೈಯಲ್ಲಿ ಕಾರಿಲ್ಲದವರನ್ನು ಕಂಡರೆ ಜನ ಮರುಗುತ್ತಾರೆ. ಕಾರಿದ್ದೂ ಸೈಕಲ್ ತುಳಿಯುವವರನ್ನು ಕಂಡರೆ? ಡಾಕ್ಟರ ನಂಬರು ಕೊಡುತ್ತಾರೆ! ನಮ್ಮ ಯಜಮಾನರ ಈ ಗೆಳೆಯರ ಬಳಿ ಅಂಥ ನಂಬರುಗಳು ಬೇಕಾದಷ್ಟಿವೆ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಇಂಜಿನಿಯರು. ರಜೆಯ ದಿನ ನಸುಕಿಗೇ ಹೊರಟು, ಹೆದ್ದಾರಿ ಬಿಟ್ಟು ಸುತ್ತಿ ಬಳಸಿ, ಅಬುಧಾಬಿಯ ಖಾಲಿದಿಯಾದ ನಮ್ಮ ಮನೆಗೆ ಬೆವರಿಳಿಸುತ್ತ ಬರುತ್ತಾರೆ. ಹೆಂಡತಿ, ಮಗಳು ಹಿಂದಿನಿಂದ ಕಾರಿನಲ್ಲಿ ತಂಪಾಗಿ! ನಾನು ಹಳೆಯ ಬೆಡ್‌ಶೀಟು ಹಾಸಿಟ್ಟಿರುತ್ತೇನೆ. ಅವರಿಗಲ್ಲ, ಸೈಕಲ್ಲಿಗೆ.

ಇವರ ಊರು ಹಳಿಯಾಳ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗೇರಿಸಿ ತಂದ ಸಿದ್ದಿಗಳ ವಂಶ. ಗುಂಗುರು ಕೂದಲು, ಅಪ್ಪಟ ಹಳಿಯಾಳದ ಮಾತು. ಒಮ್ಮೆ ಇಲ್ಲಿನ ಕನ್ನಡಿಗರ ಸಮಾರಂಭವೊಂದರಲ್ಲಿ ‘ಕನ್ನಡ ಕಲಿತ ಆಫ್ರಿಕಾದ ಬಂಧು’ ಎಂದು ವೇದಿಕೆಗೆ ಕರೆದು ಶಾಲು ಹೊದೆಸಿಬಿಟ್ಟರು! ಇವರು ಕೈಮುಗಿದು, “ಕಲಿಸಿದಾಕಿ ನಮ್ಮವ್ವ ರೀ. ಶಾಲು ಆಕೀಗೇ ಕಳಸ್ತೀನಿ” ಎಂದರು.

ಸಭೆ ನಕ್ಕಿತು. ಮಗಳು ನಗಲಿಲ್ಲ.

“ಅಪ್ಪಾ, ವೇರ್ ಆರ್ ವಿ ಫ್ರಮ್?”

“ಹಳ್ಯಾಳ.”

“ಬಿಫೋರ್ ದಟ್?”

ಅಪ್ಪ ಹೊದ್ದ ಶಾಲನ್ನು ತೆಗೆದು ಮಡಚತೊಡಗಿದರು. ಅಂದಿನಿಂದ ಯಾರು ಊರು ಕೇಳಿದರೂ ಹುಡುಗಿ ತಲೆ ತಗ್ಗಿಸತೊಡಗಿದಳು. ಅಪ್ಪ ಸೈಕಲ್ ಕೊಂಡರು.

ಮುತ್ತಿಗಾಗಿ ಈ ಕಡಲಲ್ಲಿ ಮುಳುಗಿದವರಲ್ಲೂ ಹೀಗೇ ಆಫ್ರಿಕಾದಿಂದ ಹಡಗೇರಿಸಿ ತಂದ ಜನರಿದ್ದರಂತೆ. ಅವರ ಮರಿಮಕ್ಕಳನ್ನು ಹುಡುಕುತ್ತ ತೀರದುದ್ದಕ್ಕೂ ಇವರ ಸವಾರಿ!

“ಕಾರಲ್ಲಿ ಹೋದ್ರೆ ಆಗಲ್ವಾ?” ಎಂದೆ, ಉಪ್ಪಿಟ್ಟು ಬಡಿಸುತ್ತ.

“ಕಾರು ನಿಂತ್ರ ಮಂದಿ ದಾರಿ ಹೇಳ್ತಾರ, ಅಕ್ಕಾರ. ಸೈಕಲ್ ನಿಂತ್ರ ನೀರು ಕೊಟ್ಟು ಕತಿ ಹೇಳ್ತಾರ.”

ಹೀಗೇ ಒಂದು ಸಂಜೆ ಕಡಲ ಬದಿಯ ಮದುವೆಯೊಂದರ ನಗಾರಿ ಕೇಳಿ, ಸೈಕಲ್ಲಿನ ಬಿಗಿಚಡ್ಡಿಯಲ್ಲೇ ಒಳನುಗ್ಗಿದರಂತೆ! ಗಂಡಿನವರು ಹೆಣ್ಣಿನ ಕಡೆಯವನೆಂದುಕೊಂಡರು, ಹೆಣ್ಣಿನವರು ಗಂಡಿನ ಕಡೆಯವನೆಂದುಕೊಂಡರು, ಇಬ್ಬರೂ ಉಣಿಸಿದರು. ನಗಾರಿ ಬಾರಿಸುತ್ತಿದ್ದ ಮುದುಕನ ಕೂದಲೂ ಇವರಂತೆಯೇ ಗುಂಗುರು. “ಯಲ್ಲಾ” ಎಂದು ಕೈಬೀಸಿ ಕರೆದು ಪಕ್ಕಕ್ಕೆ ಕೂರಿಸಿಕೊಂಡನಂತೆ. ಇವರು ಅಲ್ಲಿಂದಲೇ ಹಳಿಯಾಳಕ್ಕೆ ಫೋನು ಹಚ್ಚಿದರು. ತಾಯಿ ಹಬ್ಬಹರಿದಿನಗಳಲ್ಲಿ ಸಿದ್ದಿಗಳ ದಮಾಮಿ ಕುಣಿತಕ್ಕೆ ನಗಾರಿ ಬಾರಿಸಿದವರು. ನಗಾರಿಯನ್ನು ಪೂರ್ತಿ ಕೇಳಿಸಿಕೊಂಡು ಹೇಳಿದರಂತೆ:

“ಕೈ ನಮ್ಮದ ಐತಿ. ತಾಳ ತಪ್ಪಸಾಕತ್ತಾನ, ಹೇಳ ಅವಂಗ!”

ಆ ನಗಾರಿಯ ರೆಕಾರ್ಡಿಂಗನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹಾಕಿದರೋ! ಮಗಳು ಫೋನಿನಿಂದ ಕಣ್ಣೆತ್ತಲಿಲ್ಲ. ಆದರೆ ಅವಳ ಬೆರಳು ನನ್ನ ಊಟದ ಮೇಜನ್ನು ಕುಟ್ಟುತ್ತಿತ್ತು.

ಕಳೆದ ವಾರ ಅವರು ಹೊರಡುವ ಹೊತ್ತಿಗೆ ಎದುರು ಫ್ಲ್ಯಾಟಿಗೆ ಹೊಸದಾಗಿ ಬಂದ ಮಂಗಳೂರಿನಾಕೆ ಲಿಫ್ಟಿನ ಬಳಿ ಸಿಕ್ಕರು. ಹುಡುಗಿಯ ಗಲ್ಲ ಹಿಡಿದು, “ಯಾವ ದೇಶ ಮಾರಾಯ್ತಿ ನಿಂದು?” ಎಂದೇಬಿಟ್ಟರು. ಅಪ್ಪ ಸರಕ್ಕನೆ ಬಗ್ಗಿ ಸೈಕಲ್ಲಿಗೆ ಗಾಳಿ ಹೊಡೆಯತೊಡಗಿದರು.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ತಲೆಯೆತ್ತಿ ಹೇಳಿದಳು: “ಹಳ್ಯಾಳ, ಆಂಟಿ. ಅದಕ್ಕೂ ಮುಂಚೆ ಎಲ್ಲಿ ಅಂತ ನಮ್ಮಪ್ಪ ಸೈಕಲ್ ಮ್ಯಾಲೆ ಹುಡಕಾಕತ್ತಾರ.”

ಟೈರು ಆಗಲೇ ಕಲ್ಲಿನಂತೆ ಗಟ್ಟಿಯಾಗಿತ್ತು. ಆದರೂ ಅವರು ಮುಖ ಎತ್ತದೆ ಗಾಳಿ ಹೊಡೆಯುತ್ತಲೇ ಇದ್ದರು.