ಎರಡು ಎಳೆಗಳ ನಡುವೆ ಒಂದು ಚಿಟಿಕೆ

ಕಣ್ಣಿಗೆ ಕಾಣದ ವಸ್ತುವಿನ ಕೆಲಸವನ್ನು ಮನುಷ್ಯ ಒಪ್ಪಿಕೊಳ್ಳಲೇಬಾರದು. ಇದನ್ನು ನಾನು ಓದಿ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇನೆ. ನನ್ನ ಓದು ಹತ್ತನೆಯ ತರಗತಿಯ ಗಣಿತದ ಪರೀಕ್ಷೆಗೆ ಹೆದರಿ ಅಲ್ಲಿಯೇ ನಿಂತುಹೋಯಿತು. ಆಮೇಲೆ ನಾನು ಗಬ್ಬೂರ ಬೈಪಾಸ್ ಹತ್ತಿರ ಈರಪ್ಪ ಕಾಕಾ ಅವರ, ಕಬ್ಬಿಣ ಕಡೆಯುವ ಲೇಥ್ ಶೆಡ್ಡಿಗೆ ಸೇರಿಕೊಂಡೆ. ಅಲ್ಲಿ ಎಲ್ಲವೂ ನೇರ. ಪಂಪಿನೊಳಗೆ ಕೂರುವ ಬುಶ್ ಎಂಬ ಬಳೆ ದಪ್ಪವಾದರೆ ಒಳಗೆ ಹೋಗುವುದಿಲ್ಲ, ಸಣ್ಣದಾದರೆ ಲೊಡಲೊಡ ಅನ್ನುತ್ತದೆ. ನಾನೂ ಹಾಗೆಯೇ ನೇರ. ಮದುವೆ ಮನೆಯಲ್ಲಿ ಊಟ ಹೇಗಿತ್ತು ಅಂತ ಕೇಳಿದರೆ, ಸಾರಿಗೆ ಉಪ್ಪು ಸಾಲಲಿಲ್ಲ ಅಂತ ಹೇಳಿಯೇ ಕೈ ತೊಳೆಯುವವನು. ಆಡಂಬರ ಕಂಡರೆ ನನಗೆ ಆಗುವುದಿಲ್ಲ. ಕಾಕಾ ಪ್ರತಿ ಸೋಮವಾರ ಮೂರು ಬೆರಳು ಅದ್ದಿ ಲೇಥಿನ ಹಣೆಗೆ ವಿಭೂತಿ ಎಳೆಯುತ್ತಾರೆ. ಲೇಥಿಗೆ ಹಣೆ ಯಾವ ಕಡೆ ಇದೆ ಅಂತ ಅವರಿಗೆ ಮಾತ್ರ ಗೊತ್ತು. ನಾನು ಸುಮ್ಮನಿರಬೇಕಲ್ಲ, "ಕಾಕಾ, ಅದಕ್ಕ ಎಣ್ಣಿ ಹಾಕ್ರಿ ಸಾಕು. ವಿಭೂತಿ ಹಚ್ಚಿದ್ರ ಬೇರಿಂಗ್ ಏನ್ ಕೈಲಾಸಕ್ಕ ಹೋಕ್ಕಾವೇನ್ರಿ?" ಅನ್ನುತ್ತಿದ್ದೆ. "ಮೊದ್ಲ ನಿನ್ನ ನಾಲಿಗಿಗೆ ಎಣ್ಣಿ ಹಾಕಬೇಕಲೇ ಬಸ್ಯಾ," ಎಂದು ಅವರು ಉಳಿದ ವಿಭೂತಿಯನ್ನು ತಮ್ಮ ಹಣೆಗೆ ಒರೆಸಿಕೊಳ್ಳುತ್ತಿದ್ದರು. ನನ್ನ ಈ ಕೈಲಾಸದ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಮರೆಯಲು ಎಷ್ಟು ಪ್ರಯತ್ನಪಟ್ಟರೂ ಆಗುತ್ತಿಲ್ಲ.

ಹೀಗೆ ಸುಖವಾಗಿದ್ದ ನಮ್ಮ ಶೆಡ್ಡಿಗೆ ಒಂದು ದಿನ ಸಪ್ತಾಪುರದಿಂದ ಕುಲಕರ್ಣಿ ಸರ್ ಸ್ಕೂಟರಿನಲ್ಲಿ ಬಂದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಚೀಲದಿಂದ ಇಂಟರ್ನೆಟ್ ಕೇಬಲ್ಲಿನ ತುಂಡು ತೆಗೆದು, ಸುಲಿದು, ಸುಲಿದು, ಕೊನೆಗೆ ಕೂದಲಿನಂಥ ಒಂದು ಗಾಜಿನ ಎಳೆ ತೋರಿಸಿದರು. ಅದರೊಳಗೆ ಬೆಳಕು ಓಡುತ್ತದಂತೆ. ಅದೂ ಇಡೀ ಎಳೆಯಲ್ಲಿ ಅಲ್ಲ, ಎಳೆಯ ನಟ್ಟನಡುವೆ ಇನ್ನೂ ಸಣ್ಣ ದಾರಿ ಇದೆಯಂತೆ, ಅದರಲ್ಲಿ. ಅಂಥ ಎರಡು ಎಳೆಗಳನ್ನು ಮೂತಿಗೆ ಮೂತಿ ಹಚ್ಚಿ ಕೂಡಿಸುವ ಒಂದು ಕನೆಕ್ಟರ್ ಮಾಡಬೇಕಿತ್ತು.

"ತಿರುವಿ ಗಂಟ್ ಹಾಕಿದ್ರಾತು ಬಿಡ್ರಿ ಸರ್, ಕರೆಂಟ್ ವೈರಿನ ಹಂಗ," ಅಂದೆ.

"ಇದು ಕರೆಂಟ್ ಅಲ್ಲೋ ತಮ್ಮಾ, ಬೆಳಕು. ಗಂಟು ಹಾಕಿದ್ರ ಅಲ್ಲೇ ಸಾಯ್ತದ."

"ಹಂಗಾರ ಕೂಡ್ಯಾವೋ ಇಲ್ಲೋ ಅಂತ ಹೆಂಗ್ ನೋಡೂದ್ರಿ?"

"ನೋಡ್ಲಿಕ್ಕೆ ಆಗಂಗಿಲ್ಲ. ಮೀಟರ್ ಹೇಳ್ತದ."

ನಾನು ಅಲ್ಲಿಯೇ ಎದ್ದು ಬುಶ್ ಕೆತ್ತಲು ಹೋಗಬೇಕಿತ್ತು. ಆದರೆ ಊರೂರಿಗೆ ಕೇಬಲ್ ಎಳೆಯುವ ಕಂಪನಿಯ ಒಂದು ಪಾರ್ಟಿ, ಬಿಸಿಲಿನಲ್ಲಿ ನಿಂತು ಬರಿಗೈಯಲ್ಲಿ ಕೂಡಿಸಬಹುದಾದ ಕನೆಕ್ಟರ್ ಬೇಕು ಅಂದಿತ್ತು. ಸರ್ ಎರಡು ವರ್ಷ ಕೂತು ಅದರ ನಕ್ಷೆ ಬರೆದಿದ್ದರು. ಸ್ಯಾಂಪಲ್ ಪಾಸಾದರೆ ಕೆಲಸ ನಮ್ಮ ಶೆಡ್ಡಿಗೆ. "ಪಾಸ್ ಆತಂದ್ರ ಆ ಕೆಲಸಕ್ಕ ನೀನ ಹಿರ್ಯಾ," ಎಂದು ಕಾಕಾ ನನಗೆ ಹೇಳಿಬಿಟ್ಟರು. ಫೇಲಾದರೆ ಸರ್ ನಕ್ಷೆ ಅಟ್ಟಕ್ಕೆ, ನಾನು ಪಂಪಿನ ಬುಶ್ಶಿಗೆ. ಹಿರಿಯ ಎಂಬ ಶಬ್ದವನ್ನು ನನಗೆ ಯಾರೂ ಅಲ್ಲಿಯವರೆಗೆ ಅಂದಿರಲಿಲ್ಲ. ಕಮರಿಪೇಟೆಯ ನಮ್ಮ ಮನೆಯಲ್ಲಿ ನಾನೇ ಕೊನೆಯ ಮಗ, ಮೂವತ್ತರ ಹತ್ತಿರ ಬಂದರೂ ಮೊಸರು ತರಲು ನನ್ನನ್ನೇ ಓಡಿಸುತ್ತಾರೆ. ಹಾಗಾಗಿ ಒಪ್ಪಿಕೊಂಡೆ.

ಗೊಂದಲ ಅಂದಿನಿಂದಲೇ ಶುರು. ಎಳೆಯ ತುದಿ ಒಂದು ಬಿಳಿ ಕಡ್ಡಿಯ ನಡುವಿನ ತೂತಿನಲ್ಲಿ ಕೂತಿರುತ್ತದೆ. ಈ ಕಡೆಯ ಬಿಳಿ ಕಡ್ಡಿ, ಆ ಕಡೆಯ ಬಿಳಿ ಕಡ್ಡಿ, ಎರಡೂ ಒಂದು ಸಣ್ಣ ಕೊಳವೆಯೊಳಗೆ ಬಂದು ಮುಖಕ್ಕೆ ಮುಖ ಮುಟ್ಟಬೇಕು. ಆ ಕೊಳವೆ ಮಾಡುವುದು ನನ್ನ ಕೆಲಸ. ಮೊದಲನೆಯದನ್ನು ಬುಶ್ ಕೆತ್ತಿದ ಹಾಗೆ ಕೆತ್ತಿದೆ. ಕೈಗೆ ಬಿಗಿಯಾಗಿ ಕೂತಿತು. ಕಣ್ಣಿಗೆ ನೇರ ಕಂಡಿತು. ಮೀಟರ್ ಮಾತ್ರ ಬೆಳಕು ಸರಿಯಾಗಿ ದಾಟಿಲ್ಲ ಅಂದಿತು. ಆ ಮೀಟರಿನ ಭಾಷೆಯಾದರೂ ನೆಟ್ಟಗಿದೆಯೇ? ಅಂಕಿಯ ಮುಂದೆ ಒಂದು ಮೈನಸ್ ಗೆರೆ. ಅಂಕಿ ದೊಡ್ಡದಾದರೆ ಬೆಳಕು ಕಡಿಮೆ. ಅದು ದೊಡ್ಡದಾದಾಗ ನಾನು ಹಿಗ್ಗಿ ಚಹಾ ಹೇಳಿಬಿಟ್ಟೆ. ಸರ್ ಚಹಾ ಕುಡಿದ ಮೇಲೆ, "ಇದು ಫೇಲ್ ಆಗೇದೋ ಬಸವರಾಜ," ಅಂದರು. ಕುಡಿಯುವ ಮೊದಲೇ ಹೇಳಬಹುದಿತ್ತು.

ಮನೆಗೆ ಹೋಗುವಾಗಲೂ ಅದೇ ತಲೆಯಲ್ಲಿ. ಕಡ್ಡಿಗೆ ಕೂದಲಷ್ಟು ಜಾಗ ಬಿಟ್ಟರೆ ಅಲುಗಾಡುತ್ತದೆ, ಬಿಡದಿದ್ದರೆ ಒಳಗೆ ಹೋಗುವುದಿಲ್ಲ. ಅವ್ವ ಮೊಸರಿಗೆ ಕಳಿಸಿದಳು. ಸೈಕಲ್ ತೆಗೆದೆ. ಅಣ್ಣನ ಮಗ ಸೀಟು ಇಳಿಸಿ ಹೋಗಿದ್ದ. ಎತ್ತಲು ಹೋದವನು ಅಲ್ಲಿಯೇ ಕೂತುಬಿಟ್ಟೆ. ಸೀಟಿನ ಕೊಳವೆ ಹಿಂದುಗಡೆ ಉದ್ದಕ್ಕೆ ಸೀಳಿರುತ್ತದೆ! ಸೀಳಿದ್ದಕ್ಕೇ ಅದು ಒಳಗಿನ ಸರಳನ್ನು ಸುತ್ತಲಿಂದ ಅಪ್ಪಿ ಹಿಡಿಯುತ್ತದೆ. ನಮ್ಮ ಕೊಳವೆಯನ್ನೂ ಸೀಳಿದರೆ ಎರಡೂ ಕಡ್ಡಿಗಳನ್ನು ಒಂದೇ ತೆಕ್ಕೆಯಲ್ಲಿ ಹಿಡಿಯಬೇಕಲ್ಲ? ಅಂದು ಮನೆಯಲ್ಲಿ ಯಾರಿಗೂ ಮೊಸರಿಲ್ಲ. ಮರುದಿನ ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇದನ್ನ ನಿನಗ ಯಾರು ಹೇಳಿದ್ರು?"

"ಸೈಕಲ್ ರಿ."

"ಇದು ಜಗತ್ತಿಗೆ ಯಾವಾಗೋ ಗೊತ್ತಿರೋ ಸಂಗತಿನೋ. ಖರ್ಚು ಉಳಿಸ್ಲಿಕ್ಕೆ ಹೋಗಿ ನಾನ ಬಿಟ್ಟಿದ್ದೆ. ನೀ ಏನೂ ಓದದ ಅಲ್ಲಿಗೇ ಬಂದೀ ನೋಡು! ಈ ಕೊಳವಿ ಇನ್ನ ಮ್ಯಾಲೆ ನಿಂದ."

ಅದೇ ತಪ್ಪಾಯಿತು. ನಿನ್ನದು ಅಂದ ಕೂಡಲೇ ನನಗೆ ಹೆದರಿಕೆ ಹತ್ತಿತು. ಕಾಕಾನ ಬುಶ್ ಫೇಲಾದರೆ ಕಾಕಾನ ಹೆಸರು ಹೋಗುತ್ತದೆ. ಇದು ಫೇಲಾದರೆ ಮೊದಲ ಬಾರಿಗೆ ನನ್ನದು. ಅವ್ವನಿಗೆ ಹೇಳಿದೆ. ಅವಳು ಮಠಕ್ಕೆ ಹೋಗಿ ಬಂದು, ಕಾಗದದಲ್ಲಿ ವಿಭೂತಿ ಕಟ್ಟಿ ನನ್ನ ಅಂಗಿಯ ಕಿಸೆಗೆ ತುರುಕಿದಳು. "ನಾ ಇದನ್ನೆಲ್ಲ ನಂಬಂಗಿಲ್ಲವ್ವಾ," ಅಂದೆ. "ನೀ ನಂಬಬ್ಯಾಡ. ಕಿಸೆದಾಗ ಇರ್ಲಿ," ಅಂದಳು.

ಕಿಸೆಯಲ್ಲಿಯೇ ಇರುತ್ತಿತ್ತು. ಆದರೆ ಸರ್‌ಗೆ ವಯಸ್ಸಾಗಿ ನಾಜೂಕು ಕೆಲಸಕ್ಕೆ ಕೈ ನಿಲ್ಲುವುದಿಲ್ಲ. ಅವರು ಎರಡೂ ಕಡ್ಡಿಗಳ ಮೂತಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಮುಚ್ಚಳ ಹಾಕಿ ನನ್ನ ಕೈಗೆ ಕೊಡುತ್ತಿದ್ದರು. ಕೂಡಿಸುವವನು ನಾನೇ. ಸರ್ ಮೀಟರಿನ ಕಡೆ ತಿರುಗಿದಾಗ, ಕಾಕಾ ಗಿರಾಕಿಯ ಜೊತೆ ಮಾತಾಡುವಾಗ, ನನ್ನ ಕೈ ತಾನಾಗಿಯೇ ಕಿಸೆಗೆ ಹೋಯಿತು. ಕೊಳವೆಯ ಬಾಯಿಗೆ ಒಂದೇ ಒಂದು ಚಿಟಿಕೆ. ಕಾಕಾನ ಎದುರಿಗೆ ಹೇಗೆ ಹಚ್ಚಲಿ? ಕೈಲಾಸದ ಮಾತು ಆಡಿದ ಬಾಯಿ ನನ್ನದಲ್ಲವೇ? ಕಡ್ಡಿ ಬಿಳಿ, ವಿಭೂತಿ ಬಿಳಿ, ಯಾರಿಗೂ ಕಾಣಲಿಲ್ಲ. ಮೀಟರ್ ನೋಡಿದೆವು. ಮೊದಲಿಗಿಂತ ಕೆಟ್ಟ ಅಂಕಿ.

ಸರ್ ನಕ್ಷೆ ತಿದ್ದಿದರು. ನಾನು ಇನ್ನೊಂದು ಕೊಳವೆ ಕೆತ್ತಿ ಸೀಳಿದೆ. ಹೆದರಿಕೆ ಹೆಚ್ಚಾಗಿತ್ತು, ಈ ಸಲ ಎರಡು ಚಿಟಿಕೆ. ಅಂಕಿ ಇನ್ನೂ ಕೆಟ್ಟಿತು. ಸರ್ ಸೀಳಿನ ಅಗಲ ಬದಲಿಸಿದರು, ಸ್ಪ್ರಿಂಗ್ ಬದಲಿಸಿದರು, ಹಗಲೆಲ್ಲ ಹಾಳೆಯ ಮೇಲೆ ಲೆಕ್ಕ ಹಾಕಿದರು. ನಾನು ವಿಭೂತಿ ಹೆಚ್ಚಿಸಿದೆ. ಅವ್ವನಿಗೆ ಹೇಳಿ ಎರಡನೆಯ ಪೊಟ್ಟಣ ತರಿಸಿದೆ. ಕೆಲಸ ಅಷ್ಟು ನಾಜೂಕು, ದೇವರಿಗೂ ತಿಳಿಯುತ್ತಿಲ್ಲ ಅಂದುಕೊಂಡೆ. ನನಗಂತೂ ಏನೆಂದರೆ ಏನೂ ತಿಳಿಯುತ್ತಿರಲಿಲ್ಲ.

ಸ್ಯಾಂಪಲ್ ನೋಡಲು ಪಾರ್ಟಿ ಗುರುವಾರ ಬರುವುದಿತ್ತು. ಬುಧವಾರ ಬೆಳಿಗ್ಗೆ ಸರ್ ತಮ್ಮ ಹಳೆಯ ಕಾಲೇಜಿನಿಂದ ಮೈಕ್ರೋಸ್ಕೋಪ್ ಕೇಳಿ ತಂದರು. ಮುಖ ಬಾಡಿತ್ತು. "ಒಂದ್ಸಲ ನೋಡ್ತೀನಿ, ಈರಪ್ಪಾ. ಆಮ್ಯಾಲೆ ಫೋನ್ ಮಾಡಿ ಬರಬ್ಯಾಡ್ರಿ ಅಂತೀನಿ. ನನ್ನ ಲೆಕ್ಕನ ತಪ್ಪದ. ಇಷ್ಟು ವರ್ಷ ಹುಡುಗರಿಗೆ ಏನ್ ಕಲಿಸಿದ್ನೋ ಏನೋ," ಅಂದರು. ಅವರು ಕೊಳವೆ ಬಿಚ್ಚಿ, ಕಡ್ಡಿಯ ಮೂತಿಗೆ ಕಣ್ಣು ಹಚ್ಚಿದರು. ತಿರುಪು ತಿರುವಿ ನೋಡಿದರು. ಆಮೇಲೆ ಕೂಗಿದರು.

"ಅಂತರಪಟ!"

"ಏನ್ರಿ?" ಅಂದರು ಕಾಕಾ.

"ವರ ಇಲ್ಲೇ ನಿಂತಾನ, ವಧು ಇಲ್ಲೇ ನಿಂತಾಳ, ನಡುವ ಅಂತರಪಟ ಇಳಿಸೇ ಇಲ್ಲ! ಏನೋ ಬೂದಿ ಬಿದ್ದದ ನೋಡ್ರಿ, ಬಂಡಿಗಲ್ಲು ಬಿದ್ದಂಗ ಕಾಣ್ತದ. ಬೆಳಕು ಹ್ಯಾಂಗ ದಾಟ್ಬೇಕು?"

ಸರ್ ತಲೆ ಎತ್ತಿದರು. ಎದುರಿಗೆ ಕಾಕಾ. ಕಾಕಾನ ಹಣೆಯ ಮೇಲೆ ಎಂದಿನಂತೆ ಮೂರು ಬೆರಳಗಲದ ವಿಭೂತಿ, ಬೆವರಿಗೆ ಪುಡಿಪುಡಿಯಾಗಿ ಉದುರುತ್ತಿದೆ. ಸರ್ ಕಣ್ಣು ಆ ಹಣೆಯ ಮೇಲೆಯೇ ನಿಂತಿತು. ಕಾಕಾ ಮೈಕ್ರೋಸ್ಕೋಪಿನಲ್ಲಿ ಬಗ್ಗಿ ನೋಡಿ, ಹಣೆ ಮುಟ್ಟಿಕೊಂಡರು. ಅಷ್ಟು ದೊಡ್ಡ ಮನುಷ್ಯ ಸಣ್ಣಗಾದರು.

"ನಂದ ಬಿದ್ದಿರಬೇಕ್ರಿ ಸರ್. ನಿಮ್ಮ ಎರಡ್ ವರ್ಷದ ಕೆಲಸ ನಾ ಹಾಳ್ ಮಾಡಿದ್ನಲ್ರಿ," ಎಂದವರೇ ಹೊರಗಿನ ನಳದ ಕಡೆ ನಡೆದರು.

ಕಾಕಾ ಎಂದೂ ಹಗಲು ಹೊತ್ತು ಹಣೆ ತೊಳೆದವರಲ್ಲ. ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದಾಗಲೂ ನರ್ಸಿಗೆ ಬೈದು ವಿಭೂತಿ ಉಳಿಸಿಕೊಂಡಿದ್ದರು. ಈಗ ನಳ ತಿರುವಿ, ಬೊಗಸೆಯಲ್ಲಿ ನೀರು ಹಿಡಿದು ನಿಂತಿದ್ದರು. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿದ್ದರೆ ಹಿರಿಯನೂ ಆಗುತ್ತಿದ್ದೆ. ಕಾಲು ಮಾತ್ರ ಓಡಿತು.

"ಕಾಕಾ, ತೊಳೀಬ್ಯಾಡ್ರಿ! ನಂದ್ರಿ ಅದು!" ಎಂದು ಕಿಸೆಯ ಪೊಟ್ಟಣ ತೆಗೆದು ತೋರಿಸಿದೆ.

ಕಾಕಾ ಪೊಟ್ಟಣ ನೋಡಿದರು, ನನ್ನನ್ನು ನೋಡಿದರು. ಬೊಗಸೆಯ ನೀರು ನನ್ನ ಮುಖಕ್ಕೆ ಬಿತ್ತು. "ಬೇರಿಂಗ್ ಕೈಲಾಸಕ್ಕ ಹೋಕ್ಕಾವೇನು ಅಂತಿದ್ದೆಲ್ಲಲೇ ಕಳ್ಳ ಭಕ್ತಾ!" ಎಂದು ನಗಲು ಶುರು ಮಾಡಿದವರು ಗೋಡೆ ಹಿಡಿದುಕೊಂಡು ನಕ್ಕರು. ಸರ್ ನಗಲಿಲ್ಲ. ಎಷ್ಟು ಸಲ ಹಾಕಿದೆ, ಯಾವ ಯಾವ ಸ್ಯಾಂಪಲ್ಲಿಗೆ ಎಷ್ಟೆಷ್ಟು ಚಿಟಿಕೆ ಎಂದು ಹಾಳೆಯಲ್ಲಿ ಬರೆದುಕೊಂಡರು. ಮೀಟರಿನ ಅಂಕಿಗೂ ನನ್ನ ಚಿಟಿಕೆಗೂ ಹೊಂದಿಸಿ ನೋಡಿ, "ಲೆಕ್ಕ ಬರೋಬ್ಬರಿ ಕೂಡ್ತದ," ಎಂದು ಕಣ್ಣು ಒರೆಸಿಕೊಂಡರು. ಸೀಳಿದ ಮೊದಲನೆಯ ಕೊಳವೆಯನ್ನೇ ತೊಳೆದು, ಒರೆಸಿ, ನನ್ನ ಎರಡೂ ಕೈಗಳನ್ನು ಸಾಬೂನಿನಿಂದ ತೊಳೆಸಿ, ಅಂಗಿ ಬಿಚ್ಚಿಸಿ, ಬರೀ ಬನಿಯನ್ನಿನಲ್ಲಿ ಕೂರಿಸಿ ನನ್ನಿಂದಲೇ ಕೂಡಿಸಿದರು. ಮೀಟರಿನ ಅಂಕಿ ಇಷ್ಟೇ ಇಷ್ಟಾಯಿತು. ಈ ಸಲ ಚಹಾ ಹೇಳುವ ಮೊದಲು ನಾನು ಎರಡು ಸಲ ಕೇಳಿದೆ.

ಗುರುವಾರ ಸ್ಯಾಂಪಲ್ ಪಾಸಾಯಿತು. ನಾನು ಆ ಕೆಲಸಕ್ಕೆ ಹಿರಿಯನಾದೆ. ಹಿರಿಯನ ಮೊದಲ ಅಪ್ಪಣೆ, ಕೂಡಿಸುವ ಕೋಣೆಗೆ ಕಿಸೆ ಇರುವ ಅಂಗಿ ಹಾಕಿಕೊಂಡು ಯಾರೂ ಬರಕೂಡದು. ಹಾಗೆಂದು ಬಾಗಿಲಿಗೆ ಬೋರ್ಡ್ ಬರೆದವನು ನಾನೇ, ಅದು ಇರುವುದೂ ನನಗಾಗಿಯೇ ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು. ಅವ್ವನಿಗೆ ಮಾತ್ರ ಗೊತ್ತಿಲ್ಲ. "ನೋಡಿದ್ಯಾ, ಎರಡ್ ಪೊಟ್ಟಣಕ್ಕ ಕೆಲಸ ಆತು," ಎಂದು ಓಣಿಗೆಲ್ಲ ಹೇಳಿ, ಮೂರನೆಯದನ್ನು ತಂದಳು. ಎಂಥವರಿಗೂ ಮುಖದ ಮೇಲೆ ಹೇಳಿಬಿಡುವ ನಾನು ಅವಳಿಗೆ ಹೇಳಲಾರದೆ, ಈಗ ದಿನಾ ಬೆಳಿಗ್ಗೆ ಅದನ್ನು ನನ್ನ ಹಣೆಗೇ ಹಚ್ಚಿಕೊಂಡು ಹೋಗುತ್ತೇನೆ. ಕಾಕಾ ಬಾಗಿಲಲ್ಲಿ ನಿಂತು ನೋಡಿ, "ಅಲ್ಲಿ ಇರ್ಲಿ ಬಿಡಲೇ, ಅಡ್ಡಿಯಿಲ್ಲ. ನಿನ್ನ ತಲಿಯೊಳಗ ಹೆಂಗೂ ಬೆಳಕ ದಾಟಂಗಿಲ್ಲ," ಅನ್ನುತ್ತಾರೆ. ಮೀಟರ್ ಹಚ್ಚಿ ನೋಡುವ ಧೈರ್ಯ ನನಗೂ ಇಲ್ಲ.